ಕಡಲಿಗೆ ಇಳಿದದ್ದು, ಬೆಟ್ಟದ ಮೇಲೆ ನೋವು ಕಂಡದ್ದು

ಭಾಗ 1

ಈ ಫೋಟೋ ಚಾಮುಂಡಿ ಬೆಟ್ಟದ ಮೆಟ್ಟಿಲು ದಾರೀದು. ನಂದಿಗಿಂತ ಸ್ವಲ್ಪ ಕೆಳಗೆ, ಬೆಳಗ್ಗೆ ಆರೂವರೆ. ಕೆಳಗೆ ಮೈಸೂರು ಇನ್ನೂ ಮಂಜಿನೊಳಗೇ ಇದೆ.

ಈ ಮೆಟ್ಟಿಲುಗಳನ್ನ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ (1659ರಿಂದ 1673) ಹಾಕಿಸಿದ್ದು ಅನ್ನೋದು ಎಲ್ಲರಿಗೂ ಗೊತ್ತು. ಎಷ್ಟು ಮೆಟ್ಟಿಲು ಅಂತ ಮಾತ್ರ ಕೇಳಬೇಡಿ. ಒಬ್ಬರು ಸಾವಿರ ಅಂತಾರೆ, ಇನ್ನೊಬ್ಬರು 1008 ಅಂತಾರೆ, ಹೂ ಮಾರೋ ಅಜ್ಜಿ 'ಹತ್ತೋರಿಗೆ ಜಾಸ್ತಿ, ಇಳಿಯೋರಿಗೆ ಕಮ್ಮಿ ಕಣಪ್ಪಾ' ಅಂತಾರೆ. ನಾನು ಮೂರು ಸಲ ಎಣಿಸಿದ್ದೀನಿ, ಮೂರು ಸಲಾನೂ ಬೇರೆ ಬೇರೆ ಲೆಕ್ಕ ಬಂತು.

ಕಣ್ಣೆದುರು ಮುನ್ನೂರೈವತ್ತು ವರ್ಷದಿಂದ ಅಲ್ಲಾಡದೆ ಕೂತಿರೋ ಕಲ್ಲನ್ನ ಎಣಿಸೋದ್ರಲ್ಲೇ ಹೀಗೆ. ಇನ್ನು ನೀರಿನೊಳಗೆ ಆಗೋ ಅಪಘಾತಗಳನ್ನ ಯಾರು, ಹೇಗೆ ಎಣಿಸ್ತಾರೆ? ಈ ಸರಣಿ ಅದರ ಬಗ್ಗೆ. ಬೆಟ್ಟದ ಪೇಜಲ್ಲಿ ಸ್ಕೂಬಾ ಡೈವಿಂಗ್ ಯಾಕೆ ಬಂತು ಅಂತ ಆಶ್ಚರ್ಯ ಆಗಬಹುದು. ಬೆಟ್ಟಕ್ಕೂ ಅದಕ್ಕೂ ಸಂಬಂಧ ಇದೆ, ಎರಡನೇ ಭಾಗದಲ್ಲೇ ಹೇಳ್ತೀನಿ.

ಭಾಗ 2

ಎರಡು ವರ್ಷದ ಹಿಂದೆ ಇದೇ ಪೇಜಲ್ಲಿ ಒಂದು ಫೋಟೋ ಹಾಕಿದ್ದೆ. ಹಳಬರಿಗೆ ನೆನಪಿರಬಹುದು. ನೀಲಿ ನೀರು, ಪಕ್ಕದಲ್ಲಿ ಪಟ್ಟೆ ಪಟ್ಟೆ ಮೀನು, ನಡುವೆ ನಾನು ಹೆಬ್ಬೆರಳು ಎತ್ತಿ 'ಸೂಪರ್' ಅಂತಿರೋದು. 'ಬೇರೆಯದೇ ಲೋಕ' ಅಂತ ಕ್ಯಾಪ್ಷನ್ ಕೊಟ್ಟಿದ್ದೆ. ಬೆಟ್ಟದ ಯಾವ ಫೋಟೋಗೂ ಅಷ್ಟು ಲೈಕ್ ಬಂದಿರಲಿಲ್ಲ.

ಡೈವಿಂಗ್ ಸಂಕೇತದಲ್ಲಿ ಹೆಬ್ಬೆರಳು ಮೇಲೆತ್ತಿದ್ರೆ 'ಸೂಪರ್' ಅಂತಲ್ಲ, 'ಮೇಲಕ್ಕೆ ಹೋಗೋಣ' ಅಂತ. 'ಎಲ್ಲಾ ಸರಿಯಿದೆ' ಅನ್ನೋಕೆ ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಅಂದ್ರೆ ಆ ಫೋಟೋದಲ್ಲಿ ನಾನು ಹೇಳ್ತಿರೋದೇ ಸುಳ್ಳು. ಫೋಟೋ ಮುಚ್ಚಿಟ್ಟಿದ್ದು ಇನ್ನೂ ಬೇರೆ ಇದೆ.

ಅವತ್ತು ಎರಡು ಡೈವ್. ಎರಡನೇದರಲ್ಲಿ, ಸುಮಾರು 12 ಮೀಟರ್ ಆಳದಲ್ಲಿ, ನನ್ನ ಮಾಸ್ಕ್ ಒಳಗೆ ನೀರು ನುಗ್ಗಿತು. ಮೂಗಿಂದ ಗಾಳಿ ಊದಿ ನೀರು ಹೊರಹಾಕಬೇಕು ಅಂತ ಹೇಳಿಕೊಟ್ಟಿದ್ರು. ಭಯದಲ್ಲಿ ಅದೆಲ್ಲ ಮರೆತೇ ಹೋಯ್ತು. ಕಾಲು ಬಡಿದು ಮೇಲಕ್ಕೆ ಚಿಮ್ಮಿದೆ. ಜೊತೆಗಿದ್ದವರು ಹಿಡಿದುಕೊಂಡರು, ಆದ್ರೂ ಬಂದ ವೇಗ ಬಂದದ್ದೇ. ದೋಣಿ ಮೇಲೆ 'ಏನೂ ಆಗಿಲ್ಲ ಬಿಡಿ, ಹೊಸಬರಿಗೆ ಇದು ಮಾಮೂಲಿ' ಅಂದ್ರು. ಕೈಗೆ ಎಳನೀರು ಕೊಟ್ರು. ಅಲ್ಲಿದ್ದ ದಪ್ಪ ಪುಸ್ತಕದಲ್ಲಿ ಬೆಳಗ್ಗೆ ನನ್ನ ಸಹಿ ತಗೊಂಡಿದ್ರು. ಸಂಜೆಗೆ ಅದರಲ್ಲಿ ಇನ್ನೊಂದು ಅಕ್ಷರಾನೂ ಸೇರಲಿಲ್ಲ. ಯಾವ ಊರು, ಯಾರ ದೋಣಿ ಅಂತ ಹೇಳಲ್ಲ. ನಾನೂ ಅವತ್ತು ಬಾಯಿ ಬಿಡಲಿಲ್ಲ, ನಾಚಿಕೆ ಆಗಿತ್ತು.

ಮಧ್ಯಾಹ್ನವೇ ಕಾರು ಹತ್ತಿ ಮೈಸೂರಿಗೆ ಹೊರಟ್ವಿ. ಘಟ್ಟ ಏರಿ ಮಡಿಕೇರಿ ದಾಟೋವಾಗ ಬಲ ಭುಜದೊಳಗೆ ಏನೋ ಕೊರೆಯೋ ಹಾಗೆ ಶುರುವಾಯ್ತು. ಡ್ರೈವಿಂಗ್ ಮಾಡಿದ್ದಕ್ಕೆ ಅಂದುಕೊಂಡೆ. ಮರುದಿನ ಅಭ್ಯಾಸದಂತೆ ಬೆಟ್ಟ ಹತ್ತಿದೆ. ನಂದಿ ಹತ್ತಿರ ಬರೋ ಹೊತ್ತಿಗೆ ಕೈ ಎತ್ತೋಕೇ ಆಗ್ತಿರಲಿಲ್ಲ. ಡಾಕ್ಟರ್ 'ಮಸಲ್ ಹಿಡಿದಿದೆ' ಅಂತ ಮಾತ್ರೆ ಕೊಟ್ಟರು. ಅವರ ತಪ್ಪೇನಿಲ್ಲ. ಸಮುದ್ರಕ್ಕೆ ಹೋಗಿದ್ದೆ ಅಂತ ನಾನೇ ಹೇಳಿರಲಿಲ್ಲ. ಮೂರು ದಿನಕ್ಕೆ ನೋವು ಹೋಯ್ತು.

ಆರು ತಿಂಗಳಾದ ಮೇಲೆ ಒಂದು ಡೈವಿಂಗ್ ಪಠ್ಯ ಓದ್ತಾ ಇದ್ದಾಗ ಬೆನ್ನಲ್ಲಿ ಚಳಿ ಬಂತು. ಡೈವ್ ಮಾಡಿದ ಮೇಲೆ ವಿಮಾನ ಹತ್ತಬೇಡಿ, 2,000 ಅಡಿಗಿಂತ ಎತ್ತರದ ಜಾಗಕ್ಕೂ ಹೋಗಬೇಡಿ, ಒಂದೇ ಡೈವ್ ಆಗಿದ್ರೆ ಕನಿಷ್ಠ 12 ಗಂಟೆ, ಹಲವು ಡೈವ್ ಆಗಿದ್ರೆ 18 ಗಂಟೆ ಕಾಯಿರಿ ಅಂತ ಅದರಲ್ಲಿತ್ತು. ಮೈಸೂರು ನಗರವೇ ಸುಮಾರು 2,500 ಅಡಿ. ಚಾಮುಂಡಿ ಬೆಟ್ಟ 3,489 ಅಡಿ. ಮಡಿಕೇರಿ ಅದಕ್ಕಿಂತಲೂ ಎತ್ತರ. ಬೆಂಗಳೂರಿನೋರು ನಗಬೇಡಿ, ನಿಮ್ಮೂರು ಸುಮಾರು 3,000 ಅಡಿ.

ಅಂದ್ರೆ ನೇತ್ರಾಣಿಗೆ ಅಂತ ಮುರುಡೇಶ್ವರಕ್ಕೆ ಹೋಗಿ, ಡೈವ್ ಮುಗಿಸಿ, ಸೋಮವಾರ ಆಫೀಸಿದೆ ಅಂತ ಭಾನುವಾರ ಮಧ್ಯಾಹ್ನವೇ ಮನೆ ಕಡೆ ಹೊರಡೋ ನಮ್ಮಲ್ಲಿ ಹೆಚ್ಚಿನವರು ಕೇಳದೇನೇ ಒಂದು ಪ್ರಯೋಗ ಮಾಡ್ತಾ ಇದ್ದೀವಿ.

ಭಾಗ 3

(ಫೋಟೋ: ತಾವರೆಕಟ್ಟೆ ಕಡೆಯ ಗೋಲಿ ಸೋಡಾ ಗಾಡಿ)

ಸೋಡಾ ಬಾಟಲಿಯಲ್ಲಿ ಗೋಲಿ ಒತ್ತೋಕೆ ಮುಂಚೆ ಗುಳ್ಳೆ ಕಾಣಲ್ಲ. ಗ್ಯಾಸ್ ಒಳಗೇ ಇರುತ್ತೆ, ಒತ್ತಡದಲ್ಲಿ ಕರಗಿರುತ್ತೆ. ಗೋಲಿ ಒತ್ತಿದ ಕೂಡಲೇ ಒತ್ತಡ ಇಳಿದು ಗುಳ್ಳೆ ಏಳುತ್ತೆ. ಮನುಷ್ಯನ ಮೈಯೂ ಅಷ್ಟೇ. ನೀರಲ್ಲಿ 10 ಮೀಟರ್ ಇಳಿದ್ರೆ ಒತ್ತಡ ಮೇಲಿನದರ ಎರಡರಷ್ಟು. ಉಸಿರಾಡೋ ಗಾಳಿಯಲ್ಲಿರೋ ಸಾರಜನಕ ರಕ್ತಕ್ಕೆ, ಕೊಬ್ಬಿಗೆ, ಕೀಲಿಗೆ ಕರಗಿಕೊಳ್ತಾ ಹೋಗುತ್ತೆ. ನಿಧಾನವಾಗಿ ಮೇಲೆ ಬಂದ್ರೆ ಉಸಿರಿನ ಮೂಲಕ ಹೊರಗೆ ಹೋಗುತ್ತೆ. ಗಡಿಬಿಡಿ ಮಾಡಿದ್ರೆ ಗುಳ್ಳೆ. ಇದಕ್ಕೆ 'ಬೆಂಡ್ಸ್' ಅಂತಾರೆ.

ದಡಕ್ಕೆ ಬಂದ ತಕ್ಷಣ ಲೆಕ್ಕ ಮುಗಿಯಲ್ಲ. ಮೈಯಲ್ಲಿ ಇನ್ನೂ ಗಂಟೆಗಟ್ಟಲೆ ಹೆಚ್ಚುವರಿ ಸಾರಜನಕ ಉಳಿದಿರುತ್ತೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 100 ಅಂತಿಟ್ಟುಕೊಂಡ್ರೆ, ಚಾಮುಂಡಿ ಬೆಟ್ಟದ ತುದಿಯಲ್ಲಿ ಅದು ಸುಮಾರು 88. ಬೆಟ್ಟ ಹತ್ತೋದು ಅಂದ್ರೆ ಗೋಲಿಯನ್ನ ಇನ್ನಷ್ಟು ಒತ್ತಿದ ಹಾಗೆ.

12 ಮೀಟರ್‌ನ ಡೈವ್ ಆದ ಮೇಲೆ ಬೆಂಡ್ಸ್ ಬರೋದು ಅಪರೂಪ, ಇದನ್ನೂ ಹೇಳಿಬಿಡ್ತೀನಿ. ನನ್ನ ಭುಜದ ನೋವು ಸಿಲಿಂಡರ್ ಹೊತ್ತಿದ್ದಕ್ಕೇ ಬಂದಿರಬಹುದು. ಆದ್ರೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಾಗಾಗಿ ಅದು ಬೆಂಡ್ಸ್ ಆಗಿದ್ದರೂ, ಆಗಿರದಿದ್ದರೂ, ಲೆಕ್ಕಕ್ಕೆ ಸೇರಲಿಲ್ಲ.

ಭಾಗ 4

ಇದನ್ನ ಮನುಷ್ಯರು ಕಲಿತದ್ದು ಹೇಗೆ ಅನ್ನೋದೇ ಒಂದು ದೊಡ್ಡ ಕಥೆ. ಆಸಕ್ತಿ ಇರೋರು ನಿಧಾನವಾಗಿ ಓದಿ, ನನಗೆ ತುಂಬಾ ಇಷ್ಟವಾದ ಭಾಗ ಇದು.

1670ರಲ್ಲಿ ರಾಬರ್ಟ್ ಬಾಯ್ಲ್ ಒಂದು ಹಾವನ್ನ ಗಾಜಿನ ಪಾತ್ರೆಯಲ್ಲಿಟ್ಟು ಗಾಳಿ ಹೊರತೆಗೆದಾಗ ಅದರ ಕಣ್ಣೊಳಗೆ ಒಂದು ಗುಳ್ಳೆ ಓಡಾಡೋದನ್ನ ನೋಡಿ ಬರೆದಿಟ್ಟ. ಅದರ ಅರ್ಥ ಏನು ಅನ್ನೋದು ಹೊಳೆಯೋಕೆ ಇನ್ನೂರು ವರ್ಷ ಬೇಕಾಯ್ತು.

ಮೊದಲು ಪೆಟ್ಟು ತಿಂದವರು ಡೈವರ್‌ಗಳಲ್ಲ, ಕೂಲಿಗಳು. 1841ರಲ್ಲಿ ಫ್ರಾನ್ಸಿನಲ್ಲಿ ನದಿ ಪಕ್ಕದ ಕಲ್ಲಿದ್ದಲು ಗಣಿಗೆ ನೀರು ನುಗ್ಗದ ಹಾಗೆ ಒತ್ತಡದ ಗಾಳಿ ತುಂಬಿ, ಅದರೊಳಗೆ ಜನರನ್ನ ಇಳಿಸಿ ಕೆಲಸ ಮಾಡಿಸಿದ್ರು. ಕೀಲು ನೋವಿನ ದೂರು ಶುರುವಾಯ್ತು. ಒಳಗಿದ್ದಾಗ ಎಲ್ಲರೂ ಗಟ್ಟಿಮುಟ್ಟು, ಹೊರಗೆ ಬಂದ ಮೇಲೆ ಕಾಯಿಲೆ ಅನ್ನೋದನ್ನ ಪೋಲ್ ಮತ್ತು ವಾಟೆಲ್ ಅನ್ನೋ ಇಬ್ಬರು ವೈದ್ಯರು 1854ರಲ್ಲಿ ಬರೆದರು. ಮತ್ತೆ ಒತ್ತಡದೊಳಗೆ ಹೋದರೆ ನೋವು ಇಳಿಯುತ್ತೆ ಅನ್ನೋದನ್ನೂ ಗುರುತಿಸಿದರು. ಇವತ್ತಿಗೂ ಬೆಂಡ್ಸ್‌ಗೆ ಚಿಕಿತ್ಸೆ ಅದೇ ತತ್ವದ ಮೇಲೆ ನಿಂತಿದೆ, ಜೊತೆಗೆ ಆಮ್ಲಜನಕ.

ಆಮೇಲೆ ಅಮೆರಿಕದ ಸೇತುವೆಗಳು. ಸೇಂಟ್ ಲೂಯಿಸ್‌ನಲ್ಲಿ ಮಿಸಿಸಿಪ್ಪಿ ನದಿ ತಳದಲ್ಲಿ ಕಂಬದ ಪಾಯ ತೋಡೋವಾಗ, 1870ರಲ್ಲಿ, ಕೂಲಿಗಳು ಒಬ್ಬರ ಹಿಂದೆ ಒಬ್ಬರು ಸತ್ತರು. ಅಲ್ಲಿನ ಡಾಕ್ಟರ್ ಅಲ್ಫೋನ್ಸ್ ಜಾಮಿನೆ ತಾನೇ ಕೆಳಗೆ ಹೋಗಿ ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಇದ್ದು ಕೆಲವೇ ನಿಮಿಷದಲ್ಲಿ ಹೊರಬಂದ. ಮನೆ ಸೇರೋ ಹೊತ್ತಿಗೆ ಕೈಕಾಲು ಆಡಲಿಲ್ಲ, ಮಾತು ನಿಂತಿತು. ಬದುಕಿಕೊಂಡ. ಬದುಕಿದ ಮೇಲೆ ತನ್ನ ಮೈಗೆ ಆದದ್ದನ್ನೆಲ್ಲ ರೋಗಿಯ ಕೇಸ್ ಬರೆಯೋ ಹಾಗೆ ಬರೆದು 1871ರಲ್ಲಿ ಅಚ್ಚು ಹಾಕಿಸಿದ. ನನ್ನ ಹಾಗೆ ನಾಚಿಕೆ ಪಟ್ಟು ಸುಮ್ಮನಿರಲಿಲ್ಲ.

'ಬೆಂಡ್ಸ್' ಅನ್ನೋ ಹೆಸರು ಬಂದದ್ದೂ ಈ ಸೇತುವೆ ಕೂಲಿಗಳಿಂದಲೇ. ಆಗ ಹೆಂಗಸರಲ್ಲಿ ಮುಂದಕ್ಕೆ ಬಾಗಿ ನಡೆಯೋ ಒಂದು ಫ್ಯಾಷನ್ ಇತ್ತು. ನೋವಿನಿಂದ ಬಾಗಿ ನಡೆಯೋ ಜೊತೆಗಾರನನ್ನ ನೋಡಿ 'ನೋಡ್ರೋ, ಇವನಿಗೂ ಫ್ಯಾಷನ್ ಬಂತು' ಅಂತ ರೇಗಿಸ್ತಿದ್ರು. ಗಂಡಸರ ಗುಂಪಲ್ಲಿ ಹೀಗೆ ರೇಗಿಸಿಕೊಳ್ಳೋಕೆ ಯಾರಿಗೆ ಇಷ್ಟ? ಎಷ್ಟೋ ಜನ ನೋವು ನುಂಗಿಕೊಂಡಿರ್ತಾರೆ. ಬ್ರೂಕ್ಲಿನ್ ಸೇತುವೆಯಲ್ಲಿ ಡಾಕ್ಟರ್ ಆಂಡ್ರ್ಯೂ ಸ್ಮಿತ್ 1872ರಲ್ಲಿ 110 ಪ್ರಕರಣ ದಾಖಲಿಸಿದರು. ಡಾಕ್ಟರ್ ಬಾಗಿಲವರೆಗೆ ಬಂದವರ ಲೆಕ್ಕ ಅದು. ಅದೇ ವರ್ಷ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಕೂಡ ಇದೇ ಕಾಯಿಲೆಗೆ ಬಿದ್ದರು. ಕೊನೆಗೆ ಹೆಂಡತಿ ಎಮಿಲಿ ಅವರ ಸೂಚನೆಗಳನ್ನ ಹೊತ್ತು ಸೈಟಿಗೆ ಹೋಗಿ ಕೆಲಸ ನಡೆಸಬೇಕಾಯ್ತು.

1878ರಲ್ಲಿ ಪಾಲ್ ಬೆರ್ ಅನ್ನೋ ಫ್ರೆಂಚ್ ವಿಜ್ಞಾನಿ ಗುಳ್ಳೆ ಸಾರಜನಕದ್ದೇ ಅಂತ ತೋರಿಸಿದ. 1908ರಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು ಆಡುಗಳನ್ನ ಒತ್ತಡದ ಕೋಣೆಯಲ್ಲಿಟ್ಟು, ಯಾವ ಆಡು ಯಾವ ಕಾಲು ಕುಂಟುತ್ತೆ ಅಂತ ನೋಡಿ ನೋಡಿ, ಎಲ್ಲೆಲ್ಲಿ ನಿಂತು ಮೇಲೆ ಬರಬೇಕು ಅನ್ನೋ ಕೋಷ್ಟಕ ಮಾಡಿದರು. ಆಡು ನಾಚಿಕೊಳ್ಳಲ್ಲ, ನೋವಾದ್ರೆ ಕಾಲು ಎತ್ತಿಬಿಡುತ್ತೆ. ನಿಜ ವರದಿ ಅಂದ್ರೆ ಅದು!

(ಈ ಹಾಲ್ಡೇನರ ಮಗ ಜೆ.ಬಿ.ಎಸ್. ಹಾಲ್ಡೇನ್ 13ನೇ ವಯಸ್ಸಿಗೇ ಅಪ್ಪನ ಪ್ರಯೋಗದಲ್ಲಿ ಸಮುದ್ರಕ್ಕೆ ಇಳಿದವರು. 1957ರಲ್ಲಿ ಭಾರತಕ್ಕೇ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.)

ಭಾಗ 5

1943ರಲ್ಲಿ ಕುಸ್ತೋ ಮತ್ತು ಗ್ಯಾನ್ಯಾನ್ ಅನ್ನೋ ಇಬ್ಬರು ಫ್ರಾನ್ಸಿನಲ್ಲಿ ಅಕ್ವಾಲಂಗ್ ತಯಾರಿಸಿದರು. ಇವತ್ತು ನಾವು ಬೆನ್ನಿಗೆ ಕಟ್ಟಿಕೊಳ್ಳೋ ಸ್ಕೂಬಾದ ಅಜ್ಜ ಅದು. ನಾಲ್ಕೇ ವರ್ಷದಲ್ಲಿ, 1947ರಲ್ಲಿ, ಕುಸ್ತೋ ತಂಡದ ಮಾರಿಸ್ ಫಾರ್ಗ್ ಆಳದ ದಾಖಲೆ ಮಾಡೋಕೆ ಇಳಿದರು. ಹಗ್ಗದ ಉದ್ದಕ್ಕೂ ಅಲ್ಲಲ್ಲಿ ಹಲಗೆ ಕಟ್ಟಿತ್ತು. ಮುಟ್ಟಿದ ಹಲಗೆ ಮೇಲೆ ಸಹಿ ಹಾಕಿ ಬರಬೇಕು. ಸಂಕೇತ ನಿಂತುಹೋಯ್ತು, ಮೇಲೆ ಎಳೆದಾಗ ಬಾಯಲ್ಲಿ ಉಸಿರಿನ ಕೊಳವೆ ಇರಲಿಲ್ಲ. ಸುಮಾರು 120 ಮೀಟರ್ ಆಳದ ಹಲಗೆ ಮೇಲೆ ಅವರ ಸಹಿ ಇತ್ತು. ಎಲ್ಲಿವರೆಗೆ ಹೋಗಿದ್ರು ಅನ್ನೋದಕ್ಕೆ ಆ ಸಹಿ ಸಾಕ್ಷಿ. ಅಲ್ಲಿ ಏನಾಯ್ತು ಅನ್ನೋದಕ್ಕೆ ಸಾಕ್ಷಿ ಇಲ್ಲ. ಡೈವಿಂಗ್ ಅಪಘಾತದ ವರದಿಗಳೆಲ್ಲ ಹೆಚ್ಚುಕಡಿಮೆ ಹೀಗೇ ಇರ್ತವೆ.

ಡೈವಿಂಗ್ ಮೋಜಿನ ಆಟ ಆದ ಮೇಲೆ ಕ್ಲಬ್ಬುಗಳೇ ಲೆಕ್ಕ ಇಡೋಕೆ ಶುರು ಮಾಡಿದವು. ಬ್ರಿಟನ್ನಿನ ಸಬ್ ಆಕ್ವಾ ಕ್ಲಬ್ 1953ರಲ್ಲಿ ಹುಟ್ಟಿತು. ಕೆಲವು ವರ್ಷದಲ್ಲಿ ತನ್ನ ಸದಸ್ಯರ ತಪ್ಪು, ಎಡವಟ್ಟು, ಸಾವು ಎಲ್ಲವನ್ನೂ ಹೆಸರಿಲ್ಲದೆ ವರ್ಷ ವರ್ಷ ಅಚ್ಚು ಹಾಕೋ ಪದ್ಧತಿ ತಂದಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 1980ರಲ್ಲಿ ಶುರುವಾದ ಸಂಸ್ಥೆಯೇ ಇವತ್ತಿನ ಡೈವರ್ಸ್ ಅಲರ್ಟ್ ನೆಟ್‌ವರ್ಕ್, ಚಿಕ್ಕದಾಗಿ ಡ್ಯಾನ್.

ನಾನು ಹೇಳಿದ 12 ಗಂಟೆ, 18 ಗಂಟೆ ಲೆಕ್ಕದ ಹಿಂದೆ ಡ್ಯೂಕ್‌ನಲ್ಲಿ 1990ರ ದಶಕದಲ್ಲಿ ನಡೆದ ಪ್ರಯೋಗಗಳಿವೆ. ಸ್ವಯಂಸೇವಕರನ್ನ ಒತ್ತಡದ ಕೋಣೆಯಲ್ಲಿ 'ಡೈವ್' ಮಾಡಿಸಿ, ಆಮೇಲೆ ಅದೇ ಕೋಣೆಯಲ್ಲಿ 8,000 ಅಡಿ ಎತ್ತರದ ಗಾಳಿಯಲ್ಲಿ ನಾಲ್ಕು ಗಂಟೆ ಕೂರಿಸಿದರು. 802 ಸಲ ಹೀಗೆ ಮಾಡಿದಾಗ 40 ಸಲ ಬೆಂಡ್ಸ್ ಬಂತು. ಅವರೆಲ್ಲ ಒಣ ಕೋಣೆಯಲ್ಲಿ ಆರಾಮಾಗಿ ಕೂತವರು, ಈಜಿದವರಲ್ಲ. 'ನನಗೆ ಇಲ್ಲಿ ನೋಯ್ತಾ ಇದೆ' ಅಂತ ಬಾಯಿಬಿಟ್ಟು ಹೇಳಿದ್ದರಿಂದ ಈ ಅಂಕಿ ನಮಗೆ ಸಿಕ್ಕಿದೆ. 2002ರಲ್ಲಿ ತಜ್ಞರು ಕೂತು ಈ ನಿಯಮವನ್ನ ಗಟ್ಟಿ ಮಾಡಿದರು.

ಭಾಗ 6

ಈಗ ಅಂಕಿಗಳ ವಿಷಯ. ಇದೊಂದು ಭಾಗ ಬೋರ್ ಅನ್ನಿಸಿದ್ರೂ ಬಿಡಬೇಡಿ.

ಡ್ಯಾನ್‌ನ ಸಂಶೋಧಕರು 2008ರಲ್ಲಿ 947 ಡೈವಿಂಗ್ ಸಾವುಗಳ ಕಡತ ಬಿಚ್ಚಿ ಕೂತರು. ಪ್ರತಿ ಸಾವನ್ನೂ ಸರಪಳಿ ಹಾಗೆ ಬಿಡಿಸಿದರು. ಮೊದಲು ಏನು ಕೆಟ್ಟಿತು, ಅದರಿಂದ ಏನಾಯ್ತು, ಮೈಗೆ ಯಾವ ಪೆಟ್ಟು ಬಿತ್ತು, ಕೊನೆಗೆ ಸಾವಿಗೆ ಕಾರಣ ಏನು. ಕೊನೇ ಪ್ರಶ್ನೆಗೆ, ಅಂದ್ರೆ ಸಾವಿನ ಕಾರಣಕ್ಕೆ, 814 ಕಡತಗಳಲ್ಲಿ ಉತ್ತರ ಸಿಕ್ಕಿತು. ಮೊದಲು ಏನು ಕೆಟ್ಟಿತು ಅನ್ನೋದಕ್ಕೆ ಉತ್ತರ ಸಿಕ್ಕಿದ್ದು 346ರಲ್ಲಿ ಮಾತ್ರ.

ಇನ್ನೊಂದು ಸಲ ಓದಿ. ಹೇಗೆ ಸತ್ತರು ಗೊತ್ತು, ಯಾಕೆ ಅಲ್ಲಿಗೆ ತಲುಪಿದರು ಅನ್ನೋದು ಮೂರರಲ್ಲಿ ಎರಡು ಪಾಲು ಕಡತಗಳಲ್ಲಿ ಇಲ್ಲ. ಗೊತ್ತಾದ 346ರಲ್ಲಿ ಶೇ 41 ಗಾಳಿ ಖಾಲಿ ಆಗಿದ್ದು, ಶೇ 20 ಎಲ್ಲೋ ಸಿಕ್ಕಿಹಾಕಿಕೊಂಡಿದ್ದು, ಶೇ 15 ಉಪಕರಣದ ತೊಂದರೆ. ಶಾರ್ಕ್ ಗೀರ್ಕ್ ಅಂತ ಹೆದರೋರಿಗೆ ಹೇಳ್ತಿದ್ದೀನಿ, ಮೀಟರ್ ನೋಡದೆ ಇರೋದೇ ದೊಡ್ಡ ಶಾರ್ಕ್.

'ಡೈವಿಂಗ್ ಎಷ್ಟು ಅಪಾಯ?' ಅಂತ ಕೇಳಿದ್ರೆ ಭಾಗಾಕಾರ ಮಾಡಬೇಕು. ಮೇಲೆ ಅಪಘಾತ, ಕೆಳಗೆ ಒಟ್ಟು ಡೈವ್‌ಗಳು. ಕೆಳಗಿನ ಸಂಖ್ಯೆ ಯಾರ ಹತ್ತಿರಾನೂ ಇಲ್ಲ. ದೋಣಿ ಹತ್ತಿದೋರನ್ನೆಲ್ಲ ಎಣಿಸೋ ವ್ಯವಸ್ಥೆ ಜಗತ್ತಲ್ಲೆಲ್ಲೂ ಪೂರ್ತಿ ಇಲ್ಲ. ಅದಕ್ಕೇ ಡ್ಯಾನ್‌ನೋರು ಜಾಣತನ ಮಾಡಿ ತಮ್ಮ ವಿಮೆದಾರರನ್ನ ಮಾತ್ರ ಹಿಡಿದುಕೊಂಡರು. 2000ದಿಂದ 2006ರವರೆಗೆ ವರ್ಷಕ್ಕೆ ಲಕ್ಷ ಸದಸ್ಯರಿಗೆ 16.4 ಸಾವು. ಒಳ್ಳೇ ಅಂಕಿ, ನಂಬಬಹುದು. ಆದ್ರೆ ಅದು ವಿಮೆ ಮಾಡಿಸೋವಷ್ಟು ಗಂಭೀರವಾಗಿ ಡೈವ್ ಮಾಡೋರ ಅಂಕಿ. ರಜೆಗೆ ಹೋಗಿ ಅರ್ಧ ಗಂಟೆ ಪಾಠ ಕೇಳಿ ನೀರಿಗೆ ಬೀಳೋ ನನ್ನಂಥೋರು ಅದರಲ್ಲಿಲ್ಲ.

ಭಾಗ 7

ನಮ್ಮ ಕಡೆ ಏನಾಗುತ್ತೆ?

ನೀರಲ್ಲಿ ಯಾರಾದ್ರೂ ಸತ್ತರೆ ಪೊಲೀಸರು ಅಸಹಜ ಸಾವು ಪ್ರಕರಣ ದಾಖಲಿಸ್ತಾರೆ. ಮೊದಲು ಸಿಆರ್‌ಪಿಸಿ 174, 2024ರ ಜುಲೈಯಿಂದ ಬಿಎನ್‌ಎಸ್‌ಎಸ್ 194. ಆ ವಿಚಾರಣೆಯ ಪ್ರಶ್ನೆ ಒಂದೇ, ಮೇಲ್ನೋಟಕ್ಕೆ ಸಾವಿನ ಕಾರಣ ಏನು, ಸಂಶಯ ಇದೆಯಾ. ಸಿಲಿಂಡರ್‌ನಲ್ಲಿ ಎಷ್ಟು ಗಾಳಿ ಉಳಿದಿತ್ತು, ಎಷ್ಟು ಬೇಗ ಮೇಲೆ ಬಂದ, ಒಬ್ಬ ಬೋಧಕನ ಕೈಯಲ್ಲಿ ಎಷ್ಟು ಜನ ಇದ್ದರು ಅನ್ನೋದಕ್ಕೆ ಅಲ್ಲಿ ಜಾಗ ಇಲ್ಲ. ಆಮೇಲೆ ಎಲ್ಲ ಸೇರಿ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪಟ್ಟಿಗೆ ಹೋಗುತ್ತೆ. ಅಲ್ಲಿ ಮುಳುಗಿ ಸತ್ತವರಿಗೆ ಮೂರು ಕಂಬಸಾಲು: ದೋಣಿ ಮಗುಚಿದ್ದು, ನೀರಿಗೆ ಆಕಸ್ಮಿಕವಾಗಿ ಬಿದ್ದದ್ದು, ಇತರೆ. ಸ್ಕೂಬಾ ಮಾಡಿ ಸತ್ತವರು 'ಇತರೆ' ಒಳಗೆ. ದೇಶದಲ್ಲಿ ವರ್ಷಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಮುಳುಗಿ ಸಾಯ್ತಾರೆ, ಅವರ ನಡುವೆ ಹುಡುಕಿಕೊಳ್ಳಿ.

ಪತ್ರಿಕೆ ವರದಿ ಇನ್ನೊಂದು ಥರ. ಕಳೆದ ವರ್ಷ, 2025ರ ಸೆಪ್ಟೆಂಬರ್ 19ರಂದು, ಅಸ್ಸಾಮಿನ ಗಾಯಕ ಜುಬೀನ್ ಗರ್ಗ್ ಸಿಂಗಪುರದಲ್ಲಿ ತೀರಿಕೊಂಡಾಗ ಎಲ್ಲ ಕಡೆ 'ಸ್ಕೂಬಾ ಅಪಘಾತ' ಅಂತಲೇ ಬಂತು. ಆಮೇಲೆ ಗೊತ್ತಾಯ್ತು, ಸಮುದ್ರದಲ್ಲಿ ಈಜೋವಾಗ ಮುಳುಗಿ ಆದ ಸಾವು ಅದು, ಲೈಫ್ ಜಾಕೆಟ್ ಇರಲಿಲ್ಲ. ಇವತ್ತಿಗೂ ಎಷ್ಟೋ ಜನರ ನಾಲಿಗೆ ಮೇಲೆ 'ಸ್ಕೂಬಾ'ನೇ ಇದೆ. ಒಂದು ಕಡೆ ಆಗಿರೋ ಡೈವಿಂಗ್ ಪೆಟ್ಟು ಲೆಕ್ಕಕ್ಕೆ ಬರಲ್ಲ, ಇನ್ನೊಂದು ಕಡೆ ಆಗದೇ ಇರೋದು ಲೆಕ್ಕಕ್ಕೆ ಬರುತ್ತೆ.

ನಮ್ಮ ಮೈಸೂರಿಗೇ ತಟ್ಟಿದ್ದು ಇನ್ನೊಂದಿದೆ. 2024ರ ನವೆಂಬರ್ 17, ಮಂಗಳೂರು ಹತ್ತಿರದ ಉಚ್ಚಿಲದ ಒಂದು ರೆಸಾರ್ಟ್‌ನ ಈಜುಕೊಳದಲ್ಲಿ ನಮ್ಮೂರಿನ ಮೂವರು ವಿದ್ಯಾರ್ಥಿನಿಯರು ಹೋದರು. ಅಲ್ಲಿ ಕ್ಯಾಮೆರಾ ಇತ್ತು. ಅದಕ್ಕೇ ನಮಗೆ ಗೊತ್ತು, ಒಬ್ಬಳು ಆಳಕ್ಕೆ ಸಿಕ್ಕಿದಳು, ಅವಳನ್ನ ಎಳೆಯೋಕೆ ಹೋಗಿ ಉಳಿದವರೂ ಸಿಕ್ಕಿದರು ಅಂತ. ಕ್ಯಾಮೆರಾ ಇಲ್ಲದಿದ್ರೆ 'ಈಜಲು ಹೋಗಿ ಮೂವರ ಸಾವು' ಅನ್ನೋ ಒಂದು ಸಾಲು ಉಳೀತಿತ್ತು. ಗೆಳತಿಯನ್ನ ಬಿಟ್ಟು ಬರಲಿಲ್ಲ ಅನ್ನೋದು ಆ ಸಾಲಲ್ಲಿ ಇರ್ತಿರಲಿಲ್ಲ. ಹಾಗೆ ಕೈ ಕೊಡಬಾರದು, ಹಗ್ಗ ಅಥವಾ ಕೋಲು ಎಸೆಯಬೇಕು ಅನ್ನೋ ಪಾಠವೂ ಇರ್ತಿರಲಿಲ್ಲ.

ಸಾವು ಹೇಗೋ ಸುದ್ದಿಯಾಗುತ್ತೆ. ಸಾವಿನ ಪಕ್ಕದಲ್ಲಿ ಹಾದುಹೋದದ್ದು ಸುದ್ದಿಯಾಗಲ್ಲ. ಆದ್ರೆ ಡೈವಿಂಗ್‌ನಲ್ಲಿ ಕಲಿಯೋಕೆ ಸಿಗೋದು ಹೆಚ್ಚಾಗಿ ಈ ಹಾದುಹೋದದ್ದರಿಂದಲೇ. ಬದುಕಿದವನಿಗೆ ಮಾತಾಡೋಕೆ ಬರುತ್ತಲ್ಲ.

ಭಾಗ 8

(ಫೋಟೋ: ನಂದಿ, ಹಿಂದಿನಿಂದ. ಮುಂದಿನಿಂದ ಎಲ್ಲರೂ ತೆಗೀತಾರೆ)

ನಮ್ಮಲ್ಲಿ ಬರೆದಿಡೋ ಅಭ್ಯಾಸವೇ ಇಲ್ಲ ಅಂತ ಯಾರಾದ್ರೂ ಅಂದ್ರೆ ನಾನು ಆತಕೂರು ಶಾಸನ ನೆನಪಿಸ್ತೀನಿ. ಇಲ್ಲಿಂದ ದೂರ ಏನಲ್ಲ, ಮದ್ದೂರು ತಾಲ್ಲೂಕು. ಸುಮಾರು 950ನೇ ಇಸವಿಯ ಕಲ್ಲು, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಕಾಳಿ ಅನ್ನೋ ಒಂದು ಬೇಟೆ ನಾಯಿ ಸತ್ತದ್ದನ್ನ ಬರೆದಿದ್ದಾರೆ. ನಾಯಿ ಯಾರದ್ದು, ಯಾರಿಂದ ಬಂತು, ಯಾವ ಗುಡ್ಡದಲ್ಲಿ ಹಂದಿ ಮೇಲೆ ಬಿಟ್ಟರು, ನಾಯಿ ಮತ್ತು ಹಂದಿ ಎರಡೂ ಒಂದಕ್ಕೊಂದು ಕಾದು ಸತ್ತವು ಅನ್ನೋದೆಲ್ಲ ಇದೆ. ಸಾವಿರ ವರ್ಷದ ಮೇಲೂ ಕಾಳಿ ಹೇಗೆ ಸತ್ತಳು ಅಂತ ನಾವು ಹೇಳಬಲ್ಲೆವು.

ಒಂದು ವ್ಯತ್ಯಾಸ ಮಾತ್ರ ಇದೆ. ವೀರಗಲ್ಲು ನಿಲ್ಲಿಸ್ತಿದ್ದದ್ದು ವೀರರಿಗೆ. ತುರು ಕಾದು ಸತ್ತವರಿಗೆ, ಹುಲಿ ಜೊತೆ ಹೋರಾಡಿದವರಿಗೆ. ಹೆದರಿ ಓಡಿ ಬದುಕಿಕೊಂಡವನಿಗೆ ಯಾರೂ ಕಲ್ಲು ನಿಲ್ಲಿಸಲ್ಲ, ನಿಲ್ಲಿಸೋದು ಬೇಡ ಕೂಡ. ಆದ್ರೆ ಅವನ ಹತ್ತಿರ ಇದ್ದ ಮಾಹಿತಿ ಅವನ ಜೊತೆಗೇ ಹೋಯ್ತು.

ಅಮೆರಿಕದ ನೌಕಾಪಡೆಯ ಡೈವಿಂಗ್ ಕೈಪಿಡಿ ಪ್ರಕಾರ ಬೆಂಡ್ಸ್ ಲಕ್ಷಣಗಳು ಶೇ 42 ಜನರಿಗೆ ಒಂದು ಗಂಟೆಯೊಳಗೆ, ಶೇ 83 ಜನರಿಗೆ ಎಂಟು ಗಂಟೆಯೊಳಗೆ, ಶೇ 98 ಜನರಿಗೆ 24 ಗಂಟೆಯೊಳಗೆ ಕಾಣಿಸಿಕೊಳ್ಳುತ್ತೆ. ಮುರುಡೇಶ್ವರದಿಂದ ಮೈಸೂರು ಸುಮಾರು 400 ಕಿ.ಮೀ., ಎಂಟು ಒಂಬತ್ತು ಗಂಟೆ ಪ್ರಯಾಣ. ಲೆಕ್ಕ ಹಾಕಿ ನೋಡಿ. ಕಡಲಲ್ಲಿ ಆದ ಪೆಟ್ಟಿನ ನೋವು ಕೆಲವರಿಗಾದ್ರೂ ಕಾಣಿಸೋದು ಘಟ್ಟದ ತಿರುವಲ್ಲಿ, ಇಲ್ಲ ಕುವೆಂಪುನಗರದ ಮನೆಯಲ್ಲಿ, ಇಲ್ಲ ಈ ಮೆಟ್ಟಿಲ ಮೇಲೆ. ದೋಣಿಯವರಿಗೆ ಅದು ಗೊತ್ತೇ ಆಗಲ್ಲ. ಅವರು 'ನಮ್ಮಲ್ಲಿ ಇದುವರೆಗೆ ಒಂದೂ ಕೇಸ್ ಇಲ್ಲ' ಅಂದ್ರೆ ಸುಳ್ಳು ಹೇಳ್ತಿಲ್ಲ ಪಾಪ. ಕೇಸ್ ಅವರವರೆಗೆ ವಾಪಸ್ ಬಂದಿಲ್ಲ, ಅಷ್ಟೇ.

ಡೈವ್‌ಗೆ ಹೋಗೋರು ಒಂದು ರಾತ್ರಿ ಕರಾವಳಿಯಲ್ಲೇ ಉಳೀರಿ. ಮೀನೂಟ ಚೆನ್ನಾಗಿರುತ್ತೆ. ಊರಿಗೆ ಬಂದ ಮೇಲೆ ಕೀಲು ನೋವು, ಮರಗಟ್ಟೋದು, ತಲೆಸುತ್ತು, ಚರ್ಮದ ಮೇಲೆ ಕಲೆ ಬಂದ್ರೆ ಕಾಯಬೇಡಿ, ಡಾಕ್ಟರ್ ಹತ್ತಿರ ಹೋಗಿ ಮೊದಲ ವಾಕ್ಯದಲ್ಲೇ 'ನಾನು ಡೈವ್ ಮಾಡಿದ್ದೆ' ಅನ್ನಿ. ಡೈವ್ ಮಾಡಿಸಿದೋರಿಗೂ ಒಂದು ಫೋನ್ ಮಾಡಿ ಹೇಳಿ, ಜಗಳಕ್ಕಲ್ಲ, ಅವರ ಪುಸ್ತಕಕ್ಕೆ.

ನಾನು ಈ ವಾರ ಫೋನ್ ಮಾಡಿದೆ, ಎರಡು ವರ್ಷ ತಡವಾಗಿ. ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು 'ಮೊದಲೇ ಹೇಳಬಾರದಿತ್ತಾ ಸಾರ್' ಅಂದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಹಳೇ ಫೋಟೋ ತೆಗೆದು ಕ್ಯಾಪ್ಷನ್ ತಿದ್ದಿದೆ. 'ಬೇರೆಯದೇ ಲೋಕ' ಅನ್ನೋದನ್ನ ಅಳಿಸಿಲ್ಲ, ಅದು ನಿಜವೇ ಆಗಿತ್ತು. ಅದರ ಕೆಳಗೆ ಇಷ್ಟು ಸೇರಿಸಿದ್ದೀನಿ:

ಎರಡು ಡೈವ್. ಎರಡನೇದು ಸುಮಾರು 12 ಮೀಟರ್. ಮಾಸ್ಕ್‌ಗೆ ನೀರು, ಗಾಬರಿ, ವೇಗವಾಗಿ ಮೇಲೆ ಬಂದೆ. ಅದೇ ಮಧ್ಯಾಹ್ನ ಹೊರಟು ಮಡಿಕೇರಿ ಮೇಲೆ ಮೈಸೂರು. ದಾರಿಯಲ್ಲೇ ಬಲ ಭುಜ ನೋವು. ಮರುದಿನ ಬೆಳಗ್ಗೆ ಚಾಮುಂಡಿ ಬೆಟ್ಟ, ನೋವು ಜಾಸ್ತಿ. ಮೂರು ದಿನ ಇತ್ತು. ಯಾರಿಗೂ ಹೇಳಿರಲಿಲ್ಲ. ಹೆಬ್ಬೆರಳು ತೋರಿಸಿದ್ದೂ ತಪ್ಪು.

#ಚಾಮುಂಡಿಬೆಟ್ಟ #ಮೈಸೂರು #ನೇತ್ರಾಣಿ #ಸ್ಕೂಬಾ #ಇತಿಹಾಸ